ಬಾಸ್ಟನ್ ಚಳಿ, ಮನೆ ತುಂಬಾ ಮಕ್ಕಳು, ಏಪ್ರಿಲ್‌ನಲ್ಲಿ ಮ್ಯಾರಥಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಟನ್ ಸುತ್ತಮುತ್ತಲ ಊರುಗಳಲ್ಲಿ ಕನ್ನಡದವರು ಜಾಸ್ತಿ. ದೇವಸ್ಥಾನದಲ್ಲಿ ಪ್ರಸಾದಕ್ಕೆ ಸಾಲು ನಿಂತಾಗ, ಮಕ್ಕಳ ಕನ್ನಡ ಕ್ಲಾಸಿನ ಹೊರಗೆ ಕಾಯುವಾಗ ಯಾರಾದರೂ ಪಕ್ಕಕ್ಕೆ ಬಂದು ಕೇಳೇ ಕೇಳುತ್ತಾರೆ: ಈ ಚಳಿಯಲ್ಲಿ, ಮಕ್ಕಳು, ಕೆಲಸ ಎಲ್ಲ ಇಟ್ಟುಕೊಂಡು ಹೇಗೆ ಓಡುತ್ತೀರಿ? ನಾನು ಎರಡು ಚಳಿಗಾಲ ಬಾಸ್ಟನ್ ಮ್ಯಾರಥಾನ್‌ಗಾಗಿ ಓಡಿದ್ದೇನೆ. ಮೊದಲನೆಯದು ಕಾಲುನೋವಿನಲ್ಲಿ ಅರ್ಧಕ್ಕೇ ನಿಂತಿತು. ಎರಡನೆಯ ಸಲ ಬಾಯ್ಲ್‌ಸ್ಟನ್ ಬೀದಿಯ ಕೊನೆಯ ಗೆರೆ ದಾಟಿದೆ. ಮನೆಯಲ್ಲಿ ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ, ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವ ಗಂಡ. ನಾನು ಡಾಕ್ಟರಲ್ಲ, ಕೋಚೂ ಅಲ್ಲ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಓಟ ಇರುವುದು ಏಪ್ರಿಲ್‌ನಲ್ಲಿ ಅಲ್ವಾ? ಚಳಿಗಾಲದಲ್ಲಿ ಯಾಕೆ ಒದ್ದಾಡಬೇಕು?

ಲೆಕ್ಕವೇ ಹಾಗೆ ಬರುತ್ತದೆ. ಈ ಓಟ ಏಪ್ರಿಲ್ ಮೂರನೇ ಸೋಮವಾರ, ಪೇಟ್ರಿಯಟ್ಸ್ ಡೇ ರಜೆಯ ದಿನ. 42.195 ಕಿ.ಮೀ. ಓಡಲು ಮೈ ಹದಕ್ಕೆ ಬರಬೇಕೆಂದರೆ 16ರಿಂದ 18 ವಾರ ಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ನಡುವಿಗೆ ಬಂದು ನಿಲ್ಲುತ್ತೀರಿ. ಅಂದರೆ ದೂರ ಹೆಚ್ಚಿಸುವ ವಾರಗಳೆಲ್ಲ ಜನವರಿ, ಫೆಬ್ರವರಿಯಲ್ಲೇ. 30–32 ಕಿ.ಮೀ.ನ ಉದ್ದ ಓಟಗಳು ಮಾರ್ಚ್‌ನಲ್ಲಿ. ಕೊನೆಯ ಎರಡು ಮೂರು ವಾರ ಕಡಿಮೆ ಮಾಡುತ್ತಾ ಬರಬೇಕು. ಚಳಿ ಬೇಡ ಅನ್ನುವವರು ಶರತ್ಕಾಲದ ಓಟ ಆರಿಸಿಕೊಳ್ಳಬಹುದು. ಅದಕ್ಕೆ ಬೇಸಿಗೆಯ ಸೆಕೆಯಲ್ಲಿ ಓಡಬೇಕಾಗುತ್ತದೆ, ಅದೂ ಸುಲಭವಿಲ್ಲ.

ಬಾಸ್ಟನ್‌ಗೆ ಸೇರುವುದು ಹೇಗೆ?

ಎರಡು ದಾರಿ. ನಿಮ್ಮ ವಯಸ್ಸಿಗೆ ಗೊತ್ತು ಮಾಡಿದ ಸಮಯದೊಳಗೆ ಬೇರೊಂದು ಮ್ಯಾರಥಾನ್ ಮುಗಿಸಿರಬೇಕು. ಇಲ್ಲವೇ ಯಾವುದಾದರೂ ಸೇವಾ ಸಂಸ್ಥೆಯ ಪರವಾಗಿ ಸಾವಿರಾರು ಡಾಲರ್ ಚಂದಾ ಎತ್ತಿ ಓಡಬೇಕು. ನಾನು ಓಡಿದ್ದು ಎರಡನೇ ದಾರಿಯಲ್ಲಿ. ಚಂದಾ ಎತ್ತುವುದಕ್ಕೂ ವಾರಕ್ಕೆ ಒಂದೆರಡು ಗಂಟೆ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಎಷ್ಟು ಚಳಿಯವರೆಗೆ ಹೊರಗೆ ಓಡಬಹುದು?

ಜನವರಿಯಲ್ಲಿ ಬಾಸ್ಟನ್ ಹಗಲು 2–3 ಡಿಗ್ರಿ ಸೆಲ್ಸಿಯಸ್, ರಾತ್ರಿ ಮೈನಸ್ 5 ಆಸುಪಾಸು. ಇಷ್ಟಕ್ಕೆ ಮೈ ಬೇಗ ಒಗ್ಗಿಕೊಳ್ಳುತ್ತದೆ. ಕಷ್ಟ ಕೊಡುವುದು ಗಾಳಿ. ಮೈನಸ್ 18 ಇದ್ದು ಗಂಟೆಗೆ 24 ಕಿ.ಮೀ. ಗಾಳಿ ಬೀಸಿದರೆ ಮೈಗೆ ಅದು ಮೈನಸ್ 28ರಂತೆ ತಟ್ಟುತ್ತದೆ. ಆ ಚಳಿಯಲ್ಲಿ ಬಟ್ಟೆ ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಅದಕ್ಕೇ ಫೋನಿನಲ್ಲಿ ತಾಪಮಾನ ನೋಡುವಾಗ ಅದರ ಕೆಳಗೆ ಬರೆದಿರುವ ‘ಮೈಗೆ ಅನಿಸುವ’ ಅಂಕಿಯನ್ನು ನೋಡಿ. ಅದು ಮೈನಸ್ 20ಕ್ಕಿಂತ ಕೆಳಗಿದ್ದರೆ ನಾನು ಹೊರಗೆ ಕಾಲಿಡುವುದಿಲ್ಲ.

ಇನ್ನೊಂದು ವಿಷಯ. ಮೊದಲು ಗಾಳಿಗೆ ಎದುರಾಗಿ ಓಡಿ, ಬರುವಾಗ ಗಾಳಿ ಬೆನ್ನಿಗಿರಲಿ. ಉಲ್ಟಾ ಮಾಡಿದರೆ ಹೋಗುವಾಗ ಬೆವರಿ ಒದ್ದೆಯಾಗುತ್ತೀರಿ, ವಾಪಸ್ ಬರುವಾಗ ಒದ್ದೆ ಬಟ್ಟೆಯ ಮೇಲೆ ಚಳಿಗಾಳಿ ಹೊಡೆಯುತ್ತದೆ. ಆಸ್ತಮಾ ಇದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಉಳಿದವರು ಮೂಗು, ಬಾಯಿ ಮೇಲೆ ಬಟ್ಟೆ ಸುತ್ತಿಕೊಂಡು, ಮನೆಯೊಳಗೇ ಐದು ನಿಮಿಷ ಮೈ ಬಿಸಿ ಮಾಡಿಕೊಂಡು ಹೊರಟರೆ ಎದೆ ಉರಿಯುವುದು ಕಡಿಮೆಯಾಗುತ್ತದೆ.

ಮನೆಯವರನ್ನು ಒಪ್ಪಿಸುವುದು ಹೇಗೆ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ, ಅದೂ ದನಿ ತಗ್ಗಿಸಿ. ಚಳಿಗೆ ಬಟ್ಟೆ ಸಿಗುತ್ತದೆ, ಇದಕ್ಕೆ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ವಾರಕ್ಕೆ ನಾಲ್ಕು ದಿನ ಓಡಿದರೂ ಬಟ್ಟೆ ಹಾಕುವುದು, ಸ್ನಾನ, ಸುಧಾರಿಸಿಕೊಳ್ಳುವುದು ಎಲ್ಲ ಸೇರಿ ಎಂಟರಿಂದ ಹತ್ತು ಗಂಟೆ ಹೋಗುತ್ತದೆ. ಆ ಗಂಟೆಗಳು ಆಕಾಶದಿಂದ ಬೀಳುವುದಿಲ್ಲ. ನಾನು ಹೊರಗಿದ್ದಾಗ ಮಗನಿಗೆ ಹಾಲು ಬಿಸಿ ಮಾಡುವವರು ಬೇರೆ ಯಾರೋ ಆಗಿರುತ್ತಾರೆ. ಮೊದಲ ಚಳಿಗಾಲ ನಾನು ‘ಶನಿವಾರ ಬೆಳಗ್ಗೆ ಓಡಲು ಹೋಗುತ್ತೇನೆ’ ಅಂತ ಹೇಳಿಬಿಡುತ್ತಿದ್ದೆ, ಕೇಳುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ನಮ್ಮನೆಯವರು ನಿದ್ದೆಗಣ್ಣಲ್ಲೇ ಮಕ್ಕಳಿಗೆ ದೋಸೆ ಹುಯ್ಯುತ್ತಾ ನಿಂತಿರುತ್ತಿದ್ದರು. ಫೆಬ್ರವರಿ ಹೊತ್ತಿಗೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಅವರು ಒಂದು ದಿನವೂ ಬೇಡ ಅನ್ನಲಿಲ್ಲ. ಆದರೆ ಅವರು ಸುಮ್ಮನಿದ್ದುದನ್ನೇ ನಾನು ಒಪ್ಪಿಗೆ ಅಂದುಕೊಂಡೆ. ಅದು ನನ್ನದೇ ತಪ್ಪು.

ಎರಡನೇ ಸಲ ಹೆಸರು ಕೊಡುವ ಮುಂಚೆಯೇ ಇಬ್ಬರೂ ಅವರ ಪಾಳಿಯ ಪಟ್ಟಿ ಮುಂದಿಟ್ಟುಕೊಂಡು ಕೂತೆವು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಪ್ರತಿ ಉದ್ದ ಓಟ ಯಾವ ದಿನ, ಮಕ್ಕಳು ಯಾರ ಹತ್ತಿರ, ಮಧ್ಯಾಹ್ನದ ಅಡುಗೆ ಯಾರದು ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿದೆವು. ಅವರಿಗೆ ರಾತ್ರಿ ಪಾಳಿ ಇರುವ ವಾರ ನನ್ನ ಉದ್ದ ಓಟ ಶನಿವಾರದಿಂದ ಭಾನುವಾರಕ್ಕೆ ಹೋಯಿತು. ನಾನು ಮೂರು ಗಂಟೆ ತೆಗೆದುಕೊಂಡರೆ ಅದೇ ವಾರ ಅವರಿಗೆ ಮೂರು ಗಂಟೆ ವಾಪಸ್. ನಿದ್ದೆ ಮಾಡಲಿ, ಕ್ರಿಕೆಟ್ ನೋಡಲಿ, ನಾನು ಕೇಳುವುದಿಲ್ಲ. ಮಗಳಿಗೂ ಒಂದು ಕೆಲಸ ಕೊಟ್ಟೆವು: ನಾನು ಓಡಿ ಬಂದ ಕಿಲೋಮೀಟರನ್ನು ಆ ಹಾಳೆಯ ಮೇಲೆ ಬರೆಯುವುದು. ನಾನು ಬೂಟು ಬಿಚ್ಚುವ ಮುಂಚೆಯೇ ಪೆನ್ಸಿಲ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅಮ್ಮ, ಅತ್ತೆ ಫೋನಿನಲ್ಲಿ ಬೈದರೆ?

ಬೈಯುತ್ತಾರೆ. ‘ಆ ಚಳೀಲಿ ಯಾಕೇ ಓಡ್ತೀಯ, ಮಕ್ಕಳನ್ನ ನೋಡ್ಕೊಂಡು ಬೆಚ್ಚಗೆ ಮನೇಲಿರಬಾರದಾ’ ಅಂತ ನಮ್ಮಮ್ಮ ಪ್ರತಿ ಭಾನುವಾರ ಹೇಳುತ್ತಿದ್ದರು. ವಾದ ಮಾಡಿ ಪ್ರಯೋಜನವಿಲ್ಲ. ಅವರಿಗೆ ಇರುವುದು ಭಯ. ಒಂದು ದಿನ ವಿಡಿಯೋದಲ್ಲಿ ಟೋಪಿ, ಗ್ಲೌಸ್, ದೀಪ, ಬೂಟಿಗೆ ಹಾಕುವ ಮುಳ್ಳು ಎಲ್ಲ ಒಂದೊಂದಾಗಿ ತೋರಿಸಿದೆ. ಆಮೇಲೆ ‘ಕಿವಿ ಮುಚ್ಕೊಂಡ್ಯಾ?’ ಅನ್ನುವುದಷ್ಟೇ ಉಳಿಯಿತು.

ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?

ವಾರದ ದಿನ 4:45. ಜನವರಿ ಮೊದಲ ವಾರ ಇಲ್ಲಿ ಸೂರ್ಯ ಹುಟ್ಟುವುದು 7 ಗಂಟೆ ದಾಟಿದ ಮೇಲೆ, ಮುಳುಗುವುದು ಸಂಜೆ 4:30ರೊಳಗೆ. ಅಂದರೆ ಕೆಲಸಕ್ಕೆ ಹೋಗುವವರಿಗೆ ಎರಡೂ ಹೊತ್ತು ಕತ್ತಲೆಯೇ. ಬೇಗ ಏಳುವುದಕ್ಕಿಂತ ಹಿಂದಿನ ರಾತ್ರಿಯ ಹತ್ತು ನಿಮಿಷ ಮುಖ್ಯ. ಬಟ್ಟೆ ಹಾಕುವ ಕ್ರಮದಲ್ಲೇ ಜೋಡಿಸಿ ಬಚ್ಚಲುಮನೆಯಲ್ಲಿ ಇಡುತ್ತೇನೆ, ಗ್ಲೌಸ್ ಹೀಟರ್ ಹತ್ತಿರ, ದೀಪ ಚಾರ್ಜಿಗೆ, ಮಕ್ಕಳ ಊಟದ ಡಬ್ಬಿ ಅರ್ಧ ತುಂಬಿ ಫ್ರಿಜ್‌ನಲ್ಲಿ. ಕತ್ತಲಲ್ಲಿ ಎದ್ದು ಒಂದು ಸಾಕ್ಸ್ ಹುಡುಕುತ್ತಾ ಕೂತರೆ ಸಾಕು, ಹಾಸಿಗೆ ವಾಪಸ್ ಕರೆಯುತ್ತದೆ. ಜೊತೆಗೆ ಮಗನೂ ಏಳುತ್ತಾನೆ.

ಮನೆಯಿಂದ ಕೆಲಸ ಮಾಡುವ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಓಡಿ. ಚಳಿಗಾಲದಲ್ಲಿ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಬಿಸಿಲಿರುತ್ತದೆ, ರಸ್ತೆ ಕಾಣುತ್ತದೆ, ಮಂಜುಗಡ್ಡೆ ಕರಗಿರುತ್ತದೆ, ಮಕ್ಕಳು ಸ್ಕೂಲಿನಲ್ಲಿರುತ್ತಾರೆ. ನಾನು ಬುಧವಾರ 12 ಗಂಟೆಯನ್ನು ಮೀಟಿಂಗ್ ಅಂತಲೇ ಕ್ಯಾಲೆಂಡರ್‌ನಲ್ಲಿ ಹಾಕಿಟ್ಟಿದ್ದೆ. ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆಗ ಬೆಳಗು ಮತ್ತೆ ಕತ್ತಲಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಬೇಜಾರು ಕಮ್ಮಿ.

ಏನು ಹಾಕಿಕೊಳ್ಳಬೇಕು?

ಹತ್ತಿ ಬಟ್ಟೆ ಬೇಡವೇ ಬೇಡ. ಊರಿನಲ್ಲಿ ಹತ್ತಿ ಹಿತ, ಇಲ್ಲಿ ಅದು ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿಕೊಂಡು ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಒಳಗಿನ ಪದರ ಪಾಲಿಯೆಸ್ಟರ್ ಇಲ್ಲವೇ ಮೆರಿನೋ ಉಣ್ಣೆಯದಿರಲಿ. ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ಹವೆ ಈಗಿರುವುದಕ್ಕಿಂತ 10 ಡಿಗ್ರಿ ಬೆಚ್ಚಗಿದೆ ಅಂದುಕೊಂಡು ಬಟ್ಟೆ ಹಾಕಿ. ಬಾಗಿಲು ತೆಗೆದಾಗ ಸ್ವಲ್ಪ ನಡುಗಬೇಕು, ಆಗ ಒಂದು ಕಿಲೋಮೀಟರ್ ದಾಟಿದ ಮೇಲೆ ಸರಿಹೋಗುತ್ತದೆ. ಹೊರಟಾಗಲೇ ಬೆಚ್ಚಗಿದ್ದರೆ ಮೂರನೇ ಕಿಲೋಮೀಟರಿನಲ್ಲಿ ಬೆವರಿ ತೋಯ್ದುಹೋಗುತ್ತೀರಿ.

5 ಡಿಗ್ರಿ ಹತ್ತಿರ ಇದ್ದರೆ ಉದ್ದ ತೋಳಿನ ಒಂದು ಅಂಗಿ, ತೆಳು ಗ್ಲೌಸ್ ಸಾಕು. ಸೊನ್ನೆಯಿಂದ ಮೈನಸ್ 5ರವರೆಗೆ ಜಾಕೆಟ್, ಟೈಟ್ಸ್, ಕಿವಿಪಟ್ಟಿ. ಮೈನಸ್ 10ಕ್ಕೆ ಒಳಗೆ ಎರಡು ಪದರ, ಕುತ್ತಿಗೆಗೆ ಸುತ್ತುವ ಬಟ್ಟೆ, ಬೆರಳೆಲ್ಲ ಒಟ್ಟಿಗೆ ಇರುವ ಮಿಟನ್. ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ಮಿಟನ್ ಎಷ್ಟೋ ಬೆಚ್ಚಗೆ. ಕೆನ್ನೆ, ಮೂಗಿಗೆ ವ್ಯಾಸಲೀನ್ ಸವರಿಕೊಳ್ಳಿ, ಚರ್ಮ ಒಡೆಯುವುದಿಲ್ಲ.

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡಿ, ದುಬಾರಿ. ಗ್ಲೌಸ್ ಮತ್ತು ಒಳ ಅಂಗಿಗೆ ಮೊದಲು ದುಡ್ಡು ಹಾಕಿ. ಮುಗಿದ ತಕ್ಷಣ, ಗಡಿಯಾರದಲ್ಲಿ ಎಷ್ಟು ಓಡಿದೆ ಅಂತ ನೋಡುತ್ತಾ ನಿಲ್ಲದೆ, ಒದ್ದೆ ಬಟ್ಟೆ ಬದಲಿಸಿ. ಓಟ ನಿಂತ ಐದೇ ನಿಮಿಷದಲ್ಲಿ ಮೈ ತಣ್ಣಗಾಗಿಬಿಡುತ್ತದೆ.

ಮಂಜುಗಡ್ಡೆ ಮೇಲೆ ಜಾರುವುದಿಲ್ಲವೇ?

ಹೊಸ ಹಿಮಕ್ಕೆ ಅಷ್ಟು ಹೆದರಬೇಡಿ, ಅದರ ಮೇಲೆ ನಿಧಾನಕ್ಕೆ ಓಡಬಹುದು. ಹೆದರಬೇಕಾದ್ದು ಬ್ಲ್ಯಾಕ್ ಐಸ್‌ಗೆ. ಹಗಲು ಕರಗಿದ ನೀರು ರಾತ್ರಿ ತೆಳ್ಳಗೆ ಹೆಪ್ಪುಗಟ್ಟಿ ಗಾಜಿನಂತೆ ಕೂತಿರುತ್ತದೆ. ಕೆಳಗಿನ ಟಾರು ಕಾಣುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಅನಿಸುತ್ತದೆ. ನಿನ್ನೆ ಮಧ್ಯಾಹ್ನ ಬಿಸಿಲಿದ್ದು ಇಂದು ಬೆಳಗ್ಗೆ ಮೈನಸ್ ಇದ್ದರೆ, ಇದೆ ಅಂತಲೇ ತಿಳಿಯಿರಿ. ಮನೆಗಳ ಮುಂದೆ ಕಾರು ಇಳಿಯುವ ಇಳಿಜಾರು, ಸೇತುವೆ, ಮರದ ನೆರಳು ಇಲ್ಲೆಲ್ಲ ಹೆಜ್ಜೆ ಚಿಕ್ಕದು ಮಾಡಿ, ಬೇಕಾದರೆ ನಡೆಯಿರಿ. ಬೂಟಿನ ಕೆಳಗೆ ಹಾಕುವ ಮೈಕ್ರೋಸ್ಪೈಕ್ಸ್ ಗಟ್ಟಿ ಹಿಮಕ್ಕೆ, ಮಂಜುಗಡ್ಡೆಗೆ ಚೆನ್ನ. ಬರಿ ಟಾರಿನ ಮೇಲೆ ಅದರಲ್ಲಿ ಓಡಿದರೆ ಕಾಲು ನೋಯುತ್ತದೆ.

ಪಾದಚಾರಿ ದಾರಿಯನ್ನು ಹಿಮದ ಗುಡ್ಡೆ ಮುಚ್ಚಿದರೆ ರಸ್ತೆಗೆ ಇಳಿಯಬೇಕಾಗುತ್ತದೆ. ಆಗ ಎದುರಿನಿಂದ ವಾಹನ ಬರುವ ಕಡೆ ಓಡಿ, ಬೆಳಕಿಗೆ ಹೊಳೆಯುವ ಕವಚ, ಹಣೆದೀಪ ಎರಡೂ ಇರಲಿ. ಕಿವಿಗೆ ಹಾಡು ಬೇಡ.

ಹೆಂಗಸರು ಕತ್ತಲಲ್ಲಿ ಒಬ್ಬರೇ ಓಡಬಹುದಾ?

ನಾನು ಓಡುತ್ತೇನೆ, ಆದರೆ ಕೆಲವು ಕಟ್ಟುಪಾಡು ಇದೆ. ಕತ್ತಲಲ್ಲಿ ಬೀದಿದೀಪ ಇರುವ ಎರಡು ಮೈಲಿಯ ಸುತ್ತನ್ನೇ ಮತ್ತೆ ಮತ್ತೆ ಸುತ್ತುತ್ತೇನೆ. ಫೋನಿನಲ್ಲಿ ನಾನು ಎಲ್ಲಿದ್ದೇನೆ ಅನ್ನುವುದು ನಮ್ಮನೆಯವರಿಗೆ ಕಾಣುತ್ತಿರುತ್ತದೆ. ಉದ್ದ ಓಟಕ್ಕೆ ಜೊತೆ ಹುಡುಕಿಕೊಂಡೆ. ಮೈನಸ್ 8ರಲ್ಲಿ ಇನ್ನೊಬ್ಬಾಕೆ ಮೂಲೆಯಲ್ಲಿ ಕಾಯುತ್ತಿದ್ದಾಳೆ ಅಂದರೆ ಹಾಸಿಗೆ ಬಿಟ್ಟು ಏಳಲೇಬೇಕು.

ಈ ಓಟದಲ್ಲೇ ಹೆಂಗಸರಿಗೆ ಜಾಗ ಸುಲಭಕ್ಕೆ ಸಿಕ್ಕಿದ್ದಲ್ಲ. ಬಾಸ್ಟನ್ ಮ್ಯಾರಥಾನ್ ಶುರುವಾಗಿದ್ದು 1897ರಲ್ಲಿ. 1966ರಲ್ಲಿ ಬಾಬಿ ಗಿಬ್ ನಂಬರ್ ಇಲ್ಲದೆಯೇ, ಪೊದೆಯ ಮರೆಯಲ್ಲಿ ಕಾದಿದ್ದು ಓಟಕ್ಕೆ ಸೇರಿಕೊಂಡು ಪೂರ್ತಿ ಮುಗಿಸಿದರು. 1967ರಲ್ಲಿ ಓಡುತ್ತಿದ್ದ ಕ್ಯಾಥರೀನ್ ಸ್ವಿಟ್ಜರ್ ಅವರನ್ನು ಓಟದ ಅಧಿಕಾರಿಯೊಬ್ಬರು ದಾರಿಯಲ್ಲೇ ಹಿಡಿದೆಳೆಯಲು ನೋಡಿದರು. ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಮಗಳಿಗೆ ಇದನ್ನು ಹೇಳಿದಾಗ ‘ಅಜ್ಜಿ ಹುಟ್ಟಿದ ಮೇಲೆ ಆಗಿದ್ದಾ?’ ಅಂತ ಕಣ್ಣರಳಿಸಿ ಕೇಳಿದಳು. ಹೌದು ಪುಟ್ಟಾ, ಅಜ್ಜಿ ಹುಟ್ಟಿದ ಮೇಲೆಯೇ.

ಹಿಮ ಬಿದ್ದು ಸ್ಕೂಲಿಗೆ ರಜೆ ಕೊಟ್ಟರೆ ಆ ದಿನದ ಓಟ?

ಹೋಯಿತು ಅಂದುಕೊಳ್ಳಿ. ಬೆಳಗ್ಗೆ 5:30ಕ್ಕೆ ಸ್ಕೂಲಿನಿಂದ ಮೆಸೇಜ್ ಬರುತ್ತದೆ, ಇಡೀ ದಿನದ ಲೆಕ್ಕ ಕಲಸಿಹೋಗುತ್ತದೆ. ಮಕ್ಕಳ ಜೊತೆ ಗುಡ್ಡದ ಮೇಲೆ ಜಾರುಹಲಗೆ ಎಳೆದುಕೊಂಡು ಹತ್ತಿ ಇಳಿಯಿರಿ. ಒಂದು ಗಂಟೆ ಹಾಗೆ ಹತ್ತಿಳಿದರೆ ತೊಡೆ ಚೆನ್ನಾಗಿ ದಣಿಯುತ್ತದೆ. ಫೆಬ್ರವರಿ ಮೂರನೇ ವಾರ ಮ್ಯಾಸಚೂಸೆಟ್ಸ್ ಸ್ಕೂಲುಗಳಿಗೆ ವಾರವಿಡೀ ರಜೆ. ಅದನ್ನು ಕಡಿಮೆ ಓಡುವ ವಾರ ಅಂತ ಮೊದಲೇ ಗುರುತು ಹಾಕಿಡಿ.

ತಪ್ಪಿಹೋದ ಓಟವನ್ನು ಮುಂದಿನ ವಾರ ಸೇರಿಸಿ ಓಡಬಹುದಾ?

ದಯವಿಟ್ಟು ಬೇಡ. ನನ್ನ ಮೊದಲ ಚಳಿಗಾಲ ಹಾಳಾಗಿದ್ದು ಇದರಿಂದಲೇ. ಒಂದು ವಾರ ಹಿಮ, ಅದರ ಹಿಂದೆಯೇ ಮಗನಿಗೆ ಜ್ವರ, ಒಟ್ಟು ಹತ್ತು ದಿನ ಓಡಲಿಲ್ಲ. ಸಾಲ ಉಳಿದುಕೊಂಡಂತೆ ಅನಿಸಿ ಮುಂದಿನ ವಾರ ಎರಡು ವಾರದ ದೂರವನ್ನು ತುರುಕಿದೆ. ಮಂಗಳವಾರ 16, ಗುರುವಾರ 14, ಶನಿವಾರ 27 ಕಿ.ಮೀ. ಭಾನುವಾರ ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ಜೀವ ಹೋಗುವಷ್ಟು ನೋವು. ಎರಡು ವಾರ ಅದರ ಮೇಲೆಯೇ ಕುಂಟುತ್ತಾ ಓಡಿದೆ, ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೂಳೆಯಲ್ಲಿ ಒತ್ತಡದ ಬಿರುಕು ಕಾಣಿಸಿತು. ಎಂಟು ವಾರ ಓಟ ಬಂದ್.

ಆ ಏಪ್ರಿಲ್‌ನಲ್ಲಿ ನಾನು ರಸ್ತೆ ಪಕ್ಕ ನಿಂತು ಬೇರೆಯವರಿಗೆ ಕಿತ್ತಳೆ ಹಣ್ಣಿನ ಹೋಳು ಕೊಟ್ಟೆ. ತುಂಬಾ ಅತ್ತೆ ಕೂಡ. ಮೂರು ನಾಲ್ಕು ದಿನ ತಪ್ಪಿದರೆ ಪಟ್ಟಿಯಲ್ಲಿ ಇವತ್ತಿನ ದಿನ ಏನಿದೆಯೋ ಅಲ್ಲಿಂದ ಮುಂದುವರಿಸಿ. ಹತ್ತು ದಿನ ತಪ್ಪಿದರೆ ಎರಡು ವಾರ ಹಿಂದಕ್ಕೆ ಹೋಗಿ ಶುರು ಮಾಡಿ. ಸ್ನಾಯು ನೋವು ಹರಡಿಕೊಂಡಿರುತ್ತದೆ, ಓಡುತ್ತಾ ಕಡಿಮೆಯಾಗುತ್ತದೆ. ಮೂಳೆಯ ನೋವು ಒಂದೇ ಚುಕ್ಕೆಯಲ್ಲಿ ಇದ್ದು ಓಡುತ್ತಾ ಹೆಚ್ಚುತ್ತದೆ. ಎರಡನೆಯದಾದರೆ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಎಲ್ಲವನ್ನೂ ಟ್ರೆಡ್‌ಮಿಲ್ ಮೇಲೆ ಮಾಡಬಹುದಾ?

ಮಾಡಿದವರಿದ್ದಾರೆ. ನನಗೆ ಅರ್ಧಕ್ಕರ್ಧ ಸರಿಹೋಯಿತು. ನಮ್ಮನೆಯವರು ರಾತ್ರಿ ಪಾಳಿಗೆ ಹೋದ ದಿನ ನಾಲ್ಕು ವರ್ಷದವನನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ, ಹಾಗಾಗಿ ನೆಲಮಾಳಿಗೆಯಲ್ಲಿ ಹಳೆಯ ಟ್ರೆಡ್‌ಮಿಲ್ ಒಂದನ್ನು ಹಾಕಿಕೊಂಡೆವು. ಎದುರುಗಾಳಿ ಇಲ್ಲದ ಕಾರಣ 1 ಶೇಕಡಾ ಏರು ಇಡಿ. ಫ್ಯಾನ್ ಬೇಕೇ ಬೇಕು. ಮಕ್ಕಳು ಎಚ್ಚರ ಇರುವಾಗ ಅದರ ಹತ್ತಿರ ಬರಲು ಬಿಡಬೇಡಿ, ಓಡುವ ಪಟ್ಟಿಗೆ ಪುಟ್ಟ ಕೈ ಸಿಕ್ಕಿಕೊಂಡರೆ ದೊಡ್ಡ ಗಾಯವಾಗುತ್ತದೆ. ಕೆಲಸ ಮುಗಿದ ಮೇಲೆ ಅದರ ಸುರಕ್ಷಾ ಕೀ ಎತ್ತಿ ಮೇಲೆ ಇಡಿ.

ಬಾಸ್ಟನ್‌ಗೆ ಓಡುವವರಿಗೆ ಟ್ರೆಡ್‌ಮಿಲ್‌ನಲ್ಲಿ ಒಂದು ಕೊರತೆ ಇದೆ. ಬಹುತೇಕ ಯಂತ್ರಗಳಲ್ಲಿ ಇಳಿಜಾರು ಬರುವುದಿಲ್ಲ. ಈ ಓಟ ಹಾಪ್ಕಿಂಟನ್‌ನಲ್ಲಿ ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಎತ್ತರದಲ್ಲಿ ಶುರುವಾಗಿ ಸಮುದ್ರಮಟ್ಟದ ಹತ್ತಿರ ಮುಗಿಯುತ್ತದೆ. ಮೊದಲ ಕೆಲವು ಕಿಲೋಮೀಟರಿನ ಇಳಿತ ಹಿತವಾಗಿರುತ್ತದೆ, ಅದೇ ತೊಡೆಯ ಮುಂಭಾಗವನ್ನು ಹಿಂಡಿಹಾಕುತ್ತದೆ. ಆಮೇಲೆ 26ನೇ ಕಿ.ಮೀ. ದಾಟಿದ ಮೇಲೆ ನ್ಯೂಟನ್ ಊರಿನ ನಾಲ್ಕು ಏರು ಬರುತ್ತವೆ. ಕೊನೆಯದು ಹಾರ್ಟ್‌ಬ್ರೇಕ್ ಹಿಲ್. ಉದ್ದ ಸುಮಾರು 600 ಮೀಟರ್ ಅಷ್ಟೇ, ಎತ್ತರವೂ ದೊಡ್ಡದಲ್ಲ, ನಂದಿಬೆಟ್ಟದ ಮುಂದೆ ಅದು ಏನೂ ಅಲ್ಲ. ಆದರೆ ಬರುವುದು 32ನೇ ಕಿ.ಮೀ. ಆದ ಮೇಲೆ. ಅದಕ್ಕೇ ತಿಂಗಳಿಗೆ ಎರಡು ಸಲವಾದರೂ ನ್ಯೂಟನ್‌ಗೆ ಹೋಗಿ ಕಾಮನ್‌ವೆಲ್ತ್ ಅವೆನ್ಯೂ ಪಕ್ಕದ ಕ್ಯಾರೇಜ್ ರೋಡ್‌ನಲ್ಲಿ ಓಡಿ. ಅಲ್ಲಿ ವಾಹನ ಕಡಿಮೆ. ಚಳಿಗಾಲದ ಶನಿವಾರ ಬೆಳಗ್ಗೆ ಹೋದರೆ ಮ್ಯಾರಥಾನ್‌ಗೆ ಸಿದ್ಧವಾಗುವವರ ಹಿಂಡೇ ಸಿಗುತ್ತದೆ. ಏರುವುದಷ್ಟೇ ಅಲ್ಲ, ಇಳಿಯುವುದನ್ನೂ ಕಲಿಯಿರಿ.

ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡಬಹುದಾ?

ಒಣ ರಸ್ತೆ, ಸೊನ್ನೆಗಿಂತ ಮೇಲೆ, ಓಡುವುದಕ್ಕೆಂದೇ ಮಾಡಿದ ಗಾಡಿ, ಮಗುವಿನ ಡಾಕ್ಟರ ಒಪ್ಪಿಗೆ, ನಾಲ್ಕೂ ಇದ್ದರೆ ಸರಿ. ಹಿಮದಲ್ಲಿ ಬೇಡ. ನೀವು ಓಡಿ ಬಿಸಿಯಾಗಿರುತ್ತೀರಿ, ಮಗು ಅಲುಗಾಡದೆ ಕೂತು ತಣ್ಣಗಾಗುತ್ತಿರುತ್ತದೆ.

ಮಕ್ಕಳಿಂದ ನೆಗಡಿ ಬಂದರೆ?

ಬರುತ್ತದೆ, ಚಳಿಗಾಲಕ್ಕೆ ಮೂರು ಸಲವಾದರೂ. ಕುತ್ತಿಗೆಯ ಮೇಲಿನ ತೊಂದರೆ, ಅಂದರೆ ಮೂಗು ಸೋರುವುದು, ಸೀನು ಇಷ್ಟೇ ಇದ್ದರೆ ನಿಧಾನಕ್ಕೆ ಓಡಬಹುದು. ಜ್ವರ, ಎದೆಯ ಕೆಮ್ಮು, ಮೈಕೈ ನೋವು ಇದ್ದರೆ ಮಲಗಿ. ರಾತ್ರಿಯೆಲ್ಲ ಮಗುವಿನ ಪಕ್ಕ ಎಚ್ಚರ ಇದ್ದರೆ ಬೆಳಗಿನ ಓಟ ಬಿಟ್ಟುಬಿಡಿ. ನಿದ್ದೆಗೆಟ್ಟು ಓಡಿದರೆ ಮುಂದಿನ ನೆಗಡಿ ನಿಮ್ಮದೇ.

ನಮ್ಮ ಊಟದಲ್ಲೇ ಮ್ಯಾರಥಾನ್ ಓಡಬಹುದಾ?

ಖಂಡಿತ. ಪಾಸ್ತಾನೇ ತಿನ್ನಬೇಕು ಅಂತೇನಿಲ್ಲ. ಉದ್ದ ಓಟದ ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು. ಹಾಗಲಕಾಯಿ, ಕಾಳು, ಜಾಸ್ತಿ ಸೊಪ್ಪು ಆ ರಾತ್ರಿ ಬೇಡ, ನಾರು ಹೆಚ್ಚಾದರೆ ಬೆಳಗ್ಗೆ ಹೊಟ್ಟೆ ತೊಂದರೆ ಕೊಡುತ್ತದೆ. ಬೆಳಗ್ಗೆ ಎದ್ದು ಬಾಳೆಹಣ್ಣು, ಅರ್ಧ ಲೋಟ ಕಾಫಿ. ಉದ್ದ ಓಟವಾದರೆ ಎರಡು ಗಂಟೆ ಮುಂಚೆ ಬೆಲ್ಲ ಹಾಕಿದ ಅವಲಕ್ಕಿ. ರಾಗಿ ಗಂಜಿ ನನಗೆ ಓಡಿ ಬಂದ ಮೇಲೆಯೇ ಹಿಡಿಸುತ್ತದೆ, ನಡುಗುವ ಕೈಯಲ್ಲಿ ಆ ಬಿಸಿ ಲೋಟ ಹಿಡಿದುಕೊಳ್ಳುವ ಸುಖವೇ ಬೇರೆ.

ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರವನ್ನು ಬೀಜ ತೆಗೆದು ಸಣ್ಣಗೆ ಹೆಚ್ಚಿಟ್ಟುಕೊಳ್ಳಬಹುದು. ಅಂಗಡಿಯ ಎನರ್ಜಿ ಜೆಲ್ (ಸಕ್ಕರೆ ಪಾಕದಂಥ ಪುಟ್ಟ ಪೊಟ್ಟಣ) ಚಳಿಗೆ ಗಟ್ಟಿಯಾಗುತ್ತದೆ, ಅದನ್ನು ಮಿಟನ್ ಒಳಗೆ ಇಟ್ಟುಕೊಳ್ಳಿ. ಸಂಕ್ರಾಂತಿಯ ಎಳ್ಳುಬೆಲ್ಲ ಜೇಬಿನಲ್ಲಿ ಹಾಕಿಕೊಂಡು ಓಡಬಹುದಾ ಅಂತ ಒಬ್ಬರು ಕೇಳಿದ್ದರು. ಓಡುವಾಗ ಬೇಡ. ಎಳ್ಳು, ಕಡಲೆಕಾಯಿ, ಕೊಬ್ಬರಿಯ ಜಿಡ್ಡು ಬೇಗ ಅರಗುವುದಿಲ್ಲ. ಓಡಿ ಬಂದ ಮೇಲೆ ಒಂದು ಹಿಡಿ ತಿನ್ನಿ.

ಸಸ್ಯಾಹಾರಿಗಳು, ಅದರಲ್ಲೂ ಹೆಂಗಸರು, ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ. ನನ್ನ ಫೆರಿಟಿನ್ ತುಂಬಾ ಕಡಿಮೆ ಇತ್ತು, ಅದನ್ನು ನಾನು ಚಳಿಗಾಲದ ಸುಸ್ತು ಅಂದುಕೊಂಡಿದ್ದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ.

ಚಳಿಯಲ್ಲಿ ನೀರು ಬೇಕಾ?

ಬೇಕು, ಬಾಯಾರಿಕೆ ಗೊತ್ತಾಗುವುದಿಲ್ಲ ಅಷ್ಟೇ. ಬಾಟಲಿಗೆ ಉಗುರುಬೆಚ್ಚಗಿನ ನೀರು ಹಾಕಿ ಬೋರಲಾಗಿ ಇಟ್ಟುಕೊಳ್ಳಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ಕಟ್ಟಿಕೊಳ್ಳುವುದಿಲ್ಲ.

ಹಬ್ಬ, ಉಪವಾಸ ಬಂದಾಗ?

ಶಿವರಾತ್ರಿ ಸರಿಯಾಗಿ ನಡುಮಧ್ಯೆ ಬರುತ್ತದೆ. ಉಪವಾಸ, ಜಾಗರಣೆ ಮಾಡುವವರು ಆ ದಿನವೂ ಮರುದಿನವೂ ಓಡಬೇಡಿ, ಉದ್ದ ಓಟವನ್ನು ಮೊದಲೇ ಮುಗಿಸಿಕೊಳ್ಳಿ. ಯುಗಾದಿ ಉದ್ದ ಓಟಗಳ ವಾರಗಳಲ್ಲೋ ಕಡಿಮೆ ಮಾಡುವ ವಾರಗಳಲ್ಲೋ ಬೀಳುತ್ತದೆ. ಒಬ್ಬಟ್ಟು ತಿನ್ನಿ, ನೆಮ್ಮದಿಯಾಗಿ ತಿನ್ನಿ.

ಇಷ್ಟೆಲ್ಲ ಚಳಿಗೆ ಒಗ್ಗಿಕೊಂಡ ಮೇಲೆ ಓಟದ ದಿನ ಬಿಸಿಲಿದ್ದರೆ?

ಏಪ್ರಿಲ್ ಹವೆಯನ್ನು ನಂಬಲಾಗುವುದಿಲ್ಲ. 2012ರಲ್ಲಿ ಓಟದ ದಿನ ಸುಮಾರು 31 ಡಿಗ್ರಿ ಬಿಸಿಲು. 2018ರಲ್ಲಿ 4–5 ಡಿಗ್ರಿ, ಸುರಿಯುವ ಮಳೆ, ಮುಖಕ್ಕೆ ಹೊಡೆಯುವ ಗಾಳಿ. ಕೊನೆಯ ಎರಡು ವಾರ ಕೆಲವು ಓಟಗಳನ್ನು ಒಂದು ಪದರ ಹೆಚ್ಚಿಗೆ ಹಾಕಿಕೊಂಡು ಮಧ್ಯಾಹ್ನ ಓಡಿದರೆ ಮೈ ಸ್ವಲ್ಪ ತಯಾರಾಗುತ್ತದೆ. ಬಿಸಿಲಿದ್ದರೆ ಶುರುವಿನಿಂದಲೇ ವೇಗ ತಗ್ಗಿಸಿ.

2018ರ ಓಟವನ್ನು ಗೆದ್ದ ಜಪಾನಿನ ಯುಕಿ ಕವಾಉಚಿ ಆಗ ಪೂರ್ತಿ ಸಮಯದ ಸರ್ಕಾರಿ ನೌಕರ. ಕೆಲಸದ ನಡುವೆಯೇ ಓಡುತ್ತಿದ್ದರು. ಆ ವರ್ಷದ ಜನವರಿ 1ರಂದು ಅವರು ಬಾಸ್ಟನ್ ಹತ್ತಿರದ ಮಾರ್ಷ್‌ಫೀಲ್ಡ್‌ಗೆ ಬಂದು, ಮೈನಸ್ 17ರ ಚಳಿಯಲ್ಲಿ ಒಂದು ಮ್ಯಾರಥಾನ್ ಓಡಿದ್ದರು. ಏಪ್ರಿಲ್‌ನ ಮಳೆಯಲ್ಲಿ ಎಷ್ಟೋ ದೊಡ್ಡ ಓಟಗಾರರು ಅರ್ಧಕ್ಕೇ ಬಿಟ್ಟರೂ ಅವರು ಬಿಡಲಿಲ್ಲ. ಹೆಂಗಸರಲ್ಲಿ ಗೆದ್ದವರು ಡೆಸ್ ಲಿಂಡೆನ್. ಫೆಬ್ರವರಿಯ ಕೆಟ್ಟ ಬೆಳಗುಗಳಲ್ಲಿ ನಾನು ಇವರಿಬ್ಬರನ್ನೂ ನೆನೆಸಿಕೊಳ್ಳುತ್ತಿದ್ದೆ.

ಗಂಡ ಹೆಂಡತಿ ಇಬ್ಬರೂ ಒಂದೇ ವರ್ಷ ಓಡಬಹುದಾ?

ಮಕ್ಕಳು ಚಿಕ್ಕವರಿದ್ದರೆ ಬೇಡ. ಒಂದು ವರ್ಷ ಒಬ್ಬರು, ಮುಂದಿನ ವರ್ಷ ಇನ್ನೊಬ್ಬರು. ಈ ಚಳಿಗಾಲ ನಮ್ಮಲ್ಲಿ ಓಡುವವರು ಅವರು, ದೋಸೆ ಹುಯ್ಯುವವಳು ನಾನು.

ಓಟದ ದಿನ ಮಕ್ಕಳನ್ನು ಕರೆದುಕೊಂಡು ಎಲ್ಲಿ ನಿಲ್ಲಬೇಕು?

ಆ ವಾರ ಸ್ಕೂಲಿಗೆ ರಜೆ, ಹಾಗಾಗಿ ಮಕ್ಕಳು ಬರಬಹುದು. ಕೊನೆಯ ಗೆರೆ ಹತ್ತಿರ ಜನಸಾಗರ, ಚಿಕ್ಕ ಮಕ್ಕಳಿಗೆ ಬೇಡ. ಅಲ್ಲಿನ ಕಾಪ್ಲಿ ರೈಲು ನಿಲ್ದಾಣವನ್ನೂ ಅವತ್ತು ಮುಚ್ಚಿರುತ್ತಾರೆ. ನಮ್ಮವರಿಗೆ ಒಂದು ಒಳ್ಳೆ ಜಾಗ ಆ್ಯಶ್‌ಲ್ಯಾಂಡ್. ಓಟದ ದಾರಿ ಅಲ್ಲಿ ವೇವರ್ಲಿ ಬೀದಿಯಲ್ಲೇ ಹೋಗುತ್ತದೆ, ಶ್ರೀ ಲಕ್ಷ್ಮಿ ದೇವಸ್ಥಾನ ಇರುವುದೂ ಅದೇ ಬೀದಿಯಲ್ಲಿ. ಸಂಕ್ರಾಂತಿಗೆ ಹಿಮ ತುಳಿದುಕೊಂಡು ಎಳ್ಳುಬೆಲ್ಲ ಹಂಚಲು ಹೋದ ಆ ಗೋಪುರದ ಮುಂದೆಯೇ ಏಪ್ರಿಲ್‌ನಲ್ಲಿ ಓಡುತ್ತಾ ಹೋಗುತ್ತೀರಿ. ಅಲ್ಲಿಗೆ ಇನ್ನೂ 10 ಕಿ.ಮೀ. ಕೂಡ ಆಗಿರುವುದಿಲ್ಲ, ಮುಖದಲ್ಲಿ ನಗು ಇರುತ್ತದೆ, ಮಕ್ಕಳಿಗೆ ನೋಡಲು ಚೆನ್ನ. ರಸ್ತೆ ಬೇಗ ಮುಚ್ಚುತ್ತಾರೆ, ಬೆಳಗ್ಗೆಯೇ ಹೋಗಿ ಕಾರು ದೂರ ನಿಲ್ಲಿಸಿ.

ಎರಡನೇ ಸಲ ನೋಡಬೇಕೆಂದರೆ ನ್ಯೂಟನ್‌ನ ವುಡ್‌ಲ್ಯಾಂಡ್ ನಿಲ್ದಾಣದ ಹತ್ತಿರ ಹೋಗಿ. ಅಲ್ಲಿ ಸುಮಾರು 27ನೇ ಕಿ.ಮೀ., ಏರುಗಳು ಶುರುವಾಗುವ ಜಾಗ. ನಿಮ್ಮವರ ಮುಖ ಬೇಕಾಗುವುದು ಅಲ್ಲಿಯೇ. ಒಣ ಸಾಕ್ಸ್ ಒಂದು ಜೊತೆ, ಒಂದು ಸೈಜು ದೊಡ್ಡ ಚಪ್ಪಲಿ, ಫ್ಲಾಸ್ಕ್‌ನಲ್ಲಿ ಮೆಣಸಿನ ಸಾರು, ಮಕ್ಕಳಿಗೆ ತಿಂಡಿ, ಬದಲಿ ಗ್ಲೌಸ್ ಇಷ್ಟು ಚೀಲದಲ್ಲಿರಲಿ. ಯಾವ ಕಡೆ ನಿಲ್ಲುತ್ತೀರಿ, ಎಡವೋ ಬಲವೋ, ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ನಾವು ಎಡಗಡೆ ಅಂತ ಮಾತಾಡಿಕೊಂಡಿದ್ದೆವು. ಮಗ ಅಪ್ಪನ ಹೆಗಲ ಮೇಲೆ ಕೂತು ಹಳದಿ ಟೋಪಿ ಬೀಸುತ್ತಿದ್ದ, ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣಿಸಿತು.